ಸಾವಿರದಾರುನೂರು ಅಂಕಣದ ಮನೆ

ತಪ್ಪು ನನ್ನದೇ.
ವಾಂಕಾಯೊ ಊರಿನ ಕಚೇರಿ, ಎರಡನೇ ಮಹಡಿ,
ಕೆಳಗೆ ಕೋಳಿ ಸುಡುವ ಅಂಗಡಿ.
ಆಲೂಗಡ್ಡೆ ಸಮೀಕ್ಷೆಗೆ ಕೋಷ್ಟಕ ಹಾಕಿಕೊಟ್ಟವಳು ನಾನು:
ಮನೆಗೊಂದು ಸಾಲು, ತಳಿಗೆ ಐದಂಕಣ.
ಇದೆಯೆ, ಎಷ್ಟು ಬುಟ್ಟಿ, ಬೀಜ ಯಾರದು,
ಹಿಮಕ್ಕೆ ಸತ್ತಿತೆ, ರುಚಿ ಹೇಗೆ.
ನೂರು ತಳಿ ಇರಬಹುದೆಂದಿತ್ತು ಲಿಮಾದ ಕಾಗದ.
ನಾನು ಧಾರಾಳಿ,
ಇನ್ನೂರಕ್ಕೆ ಕಂಬ ನೆಟ್ಟೆ.

ರೂಫೀನೋ ಪೈತಾನ್ ಬೆಟ್ಟದಿಂದ ಬೆಟ್ಟಕ್ಕೆ ಬೈಕಿನಲ್ಲಿ,
ಚಳಿಗೆ ಬ್ಯಾಟರಿ ಸಾಯದಿರಲೆಂದು
ಟ್ಯಾಬನ್ನು ಹೊಟ್ಟೆಗೆ ಕಟ್ಟಿಕೊಂಡು ಹೋದ.
ಸಂಜೆ ಸಿಗ್ನಲ್ ಸಿಕ್ಕಲ್ಲಿ ನಿಂತು ಫೋನು:
‘ಇನ್ನೂ ಹನ್ನೊಂದು ಹೊಸವು, ಬರ್ಕೊ.’
ಪೂಮಾ ಮಾಕಿ, ಪೂಮಾದ ಪಂಜ.
ಕರಿ ಹಸುವಿನ ನಾಲಿಗೆ.
ಲ್ಯುಂಚುಯ್ ವಖಾಚಿ, ಎಂದರೆ ಸೊಸೆಯನ್ನು ಅಳಿಸುವುದು:
ಮೈಯೆಲ್ಲ ಗಂಟು. ಸಿಪ್ಪೆ ಹರಿಯದಂತೆ ಸುಲಿದರೆ
ಅತ್ತೆ ಒಪ್ಪುತ್ತಾಳಂತೆ.
ನಾನು ಸುಲಿಯಲಿಲ್ಲ. ಐದಂಕಣ ಸೇರಿಸಿದೆ.

ಮನೆ ಅಗಲವಾಗುತ್ತ ಹೋಯಿತು.
ಯಾರ ಸಾಲು ತೆಗೆದರೂ ಒಂದಂಕಣ ತುಂಬಿ
ಮೂವತ್ತು ಖಾಲಿ.
ದೀಪವಿಲ್ಲದ ಕೋಣೆಗಳನ್ನು ದಾಟಿ ದಾಟಿ
ಒಂದು ಗಡ್ಡೆ ಹುಡುಕುವುದು.

ಮುನ್ನೂರ ಹದಿಮೂರನೆಯ ತಳಿ ಬಂದ ರಾತ್ರಿ
ಡೇಟಾಬೇಸ್ ಕೆಂಪಕ್ಷರದಲ್ಲಿ ಹೇಳಿತು:
ಒಂದು ಕೋಷ್ಟಕಕ್ಕೆ ಸಾವಿರದಾರುನೂರು ಅಂಕಣ. ಮುಗಿಯಿತು.
ಸಿಟ್ಟೇನಿಲ್ಲ ಅದಕ್ಕೆ,
ಸೀಟಿಲ್ಲ ಎನ್ನುವ ಕಂಡಕ್ಟರನ ಹಾಗೆ.

ಯಾರೂ ಬೆಳೆಯದ ಎಂಟು ತಳಿ ಹುಡುಕಿ ಅಳಿಸಿದೆ.
ನಲವತ್ತಂಕಣ ಬಯಲಾಯಿತೆಂದುಕೊಂಡೆ.
ಮತ್ತೆ ಅದೇ ಮಾತು.
ಕೈಪಿಡಿ ತೆಗೆದು ನೋಡಿದರೆ,
ಕೆಡವಿದ ಅಂಕಣವೂ ಲೆಕ್ಕದಲ್ಲಿರುತ್ತದೆ.
ಕಾಣುವುದಿಲ್ಲ, ಕರೆದರೆ ಓಗೊಡುವುದಿಲ್ಲ,
ಜಾಗ ಮಾತ್ರ ಬಿಡುವುದಿಲ್ಲ.

ಭಾನುವಾರ ರೂಫೀನೋನ ಹಿಂದೆ ಕೂತು ನಾನೂ ಹತ್ತಿದೆ.
ಎದೆಲ್ಮಿರಾ ತೈಪೆಯ ಹೊಲ,
ನಾಲ್ಕು ಸಾವಿರ ಮೀಟರ್ ಎತ್ತರ.
ಉಸಿರು ನನ್ನ ಮೊಣಕಾಲಿಗೆ ಇಳಿದಿತ್ತು.
ಅವಳು ಕಾಲುನೇಗಿಲು ಒತ್ತುತ್ತ ಒಂದೇ ಸಾಲಿನಲ್ಲಿ
ಬಿಳಿ, ಅದರ ಪಕ್ಕ ನೇರಳೆ, ಪಂಜ, ನಾಲಿಗೆ, ಮತ್ತೆ ಬಿಳಿ.
ಯಾವ ತಳಿಗೂ ಬೇರೆ ಗೋಡೆ ಇಲ್ಲ.
‘ಹೊಸ ಬೀಜ ಬಂದ್ರೆ ಎಲ್ಲಿ ಹಾಕ್ತೀರಿ?’
ಅಯ್ಯೋ ಪಾಪ ಎಂಬಂತೆ ನೋಡಿದಳು.
‘ಸಾಲು ಮುಂದಕ್ಕೆ ಎಳೀತೀನಿ.’

ಆಮೇಲೆ ಮಣ್ಣು ಕೊಡವುತ್ತ:
‘ಬೂದಿಬಣ್ಣದ್ದೊಂದಿತ್ತು, ಅಮ್ಮ ತಂದದ್ದು.
ಹಿಮ ತಿಂತು. ಅದನ್ನೂ ಬರಿ.
ಬೀಜ ಹೋಯ್ತು, ಹೆಸರಿದೆ.’
ಟ್ಯಾಬಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಅಂಗೈ ಮೇಲೆ ಬರೆದುಕೊಂಡು ಇಳಿದೆ,
ಬೆವರದಂತೆ ಮುಷ್ಟಿ ತೆರೆದಿಟ್ಟು.

ಮನೆ ಪೂರ್ತಿ ಕೆಡವಿದೆ.
ಈಗ ಮೂರು ಸಣ್ಣ ಕೋಷ್ಟಕ.
ಮನೆತನಗಳದೊಂದು, ಹೆಸರುಗಳದೊಂದು,
ಮೂರನೆಯದರಲ್ಲಿ ಬರೀ ಏಳಂಕಣ:
ಯಾರ ಮನೆ, ಯಾವ ಗಡ್ಡೆ, ಮತ್ತೆ ಆ ಐದು ಪ್ರಶ್ನೆ.
ಉದ್ದ ಎಷ್ಟಾದರೂ ಬೆಳೆಯಲಿ.
ಬೂದಿಬಣ್ಣದ್ದು, ತೈಪೆ, ಬುಟ್ಟಿ ಸೊನ್ನೆ.
ಸೊನ್ನೆಯೂ ಖಾಲಿಯೂ ಒಂದಲ್ಲವೆಂದು
ಲಿಮಾಕ್ಕೆ ಮೂರು ಸಲ ಬರೆದೆ.

ಅವರ ಉತ್ತರ: ಬಹಳ ಚೆನ್ನಾಗಿದೆ.
ಮನೆಗೊಂದೇ ಸಾಲು ಮಾಡಿ, ಅಗಲಕ್ಕೆ ಹರಡಿ ಕಳಿಸಿ,
ಮಂತ್ರಿಗಳಿಗೆ ಓದಲು ಅನುಕೂಲ.

ಕಳಿಸಿದೆ. ಇನ್ನೇನು ಮಾಡಲಿ.

ಎದೆಲ್ಮಿರಾಗೆ ಮಾತ್ರ ಅವಳ ಅರವತ್ತೆರಡು ಸಾಲು
ಕಾಗದಕ್ಕಿಳಿಸಿ ರೂಫೀನೋನ ಕೈಲಿ ಕೊಟ್ಟೆ.
ಮೊಮ್ಮಗ ಓದಿದನಂತೆ, ಅವಳು
ಒಂದೊಂದು ಹೆಸರಿಗೂ ತಲೆದೂಗುತ್ತ ಕೂತಿದ್ದು,
ನಲವತ್ತನೆಯದಕ್ಕೆ ಕೈ ಅಡ್ಡ ಹಿಡಿದಳಂತೆ:
‘ಆ ಸಾಲು ನಂದಲ್ಲ, ತಂಗೀದು.
ಸಾಲ.’